ಬಸಳೆ ಬುಡದ ಬೆಕ್ಕು, ನಿಮ್ಮ ಸ್ಟೀಲ್ ತಟ್ಟೆ

ಪ್ರೀತಿಯ ಮಾಮಿ,

ಅತ್ತೆ ಎಂದು ನಿಮ್ಮನ್ನು ಒಂದು ದಿನವೂ ಕರೆದವಳಲ್ಲ, ಈಗ ಕಾಗದದಲ್ಲಿ ಯಾಕೆ ಕರೆಯಲಿ? ನಾವಿಬ್ಬರೂ ಜಗಳವಾಡಿದ್ದೆಲ್ಲ ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುತ್ತದೆ. ನೀವೂ ಕನ್ನಡಕ ಏರಿಸಿಕೊಂಡು ಕನ್ನಡ ಪೇಪರನ್ನೇ ಓದುತ್ತಿದ್ದವರು, ತೊಂದರೆಯಿಲ್ಲ. ಮಧ್ಯದಲ್ಲಿ ಸಿಟ್ಟು ಬಂದರೂ ಮಡಚಿ ಇಡಬೇಡಿ. ಕೊನೆಯವರೆಗೆ ಓದಿ.

ನೀವು ದೋಹಾಕ್ಕೆ ಬಂದಿಳಿದ ದಿನ ನೆನಪಾಗುತ್ತದೆ. ಬ್ಯಾಗು ಬಿಚ್ಚಿದರೆ ಸೀರೆಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆ ದಂಟು! ಅಬು ಹಮೂರಿನ ನಮ್ಮ ವಿಲ್ಲಾದ ಹಿಂಬದಿಯ ಪೋರ್ಶನ್ನಿನಲ್ಲಿ, ಗಾಜಿನ ಬಾಗಿಲಾಚೆ, ಎರಡು ಮಂಚ ಹಿಡಿಸುವಷ್ಟು ನೆಲವಿತ್ತು. ನಾವು ಅಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬಿಟ್ಟರೆ ಬೇರೇನೂ ಇಟ್ಟಿರಲಿಲ್ಲ. "ಇಷ್ಟು ಜಾಗ ಉಂಟು, ಸುಮ್ಮನೆ ಬಿಟ್ಟಿದ್ದೀಯಲ್ಲ ಮಾರಾಯ್ತಿ?" ಎಂದಿರಿ. ನಿಮ್ಮ ಮಗ ಸುರೇಶ ಭಕ್ತಿಯಿಂದ ಮೂಟೆ ಮೂಟೆ ಮಣ್ಣು, ಗೊಬ್ಬರ ತಂದು ಸುರಿದರು. ಒಂದೂವರೆ ತಿಂಗಳಲ್ಲಿ ಬಸಳೆ ಬಲೆ ಹಿಡಿದು ಹತ್ತಿತು. ಮೂಲೆಯಲ್ಲಿ ತುಳಸಿ ಚಿಗುರಿತು. ಬೀದಿಯ ಬೆಕ್ಕುಗಳಿಗೂ ಸುದ್ದಿ ಮುಟ್ಟಿತು.

ಅವುಗಳದ್ದಾದರೂ ಏನು ತಪ್ಪು ಹೇಳಿ? ಬೀದಿ ತುಂಬ ಇಂಟರ್‌ಲಾಕ್ ಇಟ್ಟಿಗೆ, ಅದರಾಚೆ ಕಲ್ಲಿನಂಥ ಮಣ್ಣು. ಕೆರೆಯಲು ಮೆತ್ತಗಿನ ನೆಲವೆಂದರೆ ನಿಮ್ಮ ಬಸಳೆಯ ಬುಡ ಒಂದೇ. ಬೆಳಿಗ್ಗೆ ಎದ್ದು ನೋಡಿದರೆ ಗಿಡದ ಬೇರು ಮೇಲೆ, ಬೆಕ್ಕಿನ ಗಲೀಜು ಕೆಳಗೆ. ನಿಮ್ಮ ಯುದ್ಧ ಶುರುವಾಯಿತು. ಊರಿನಲ್ಲಿ ಗೇಟಿಗೆ ಕಟ್ಟುವ ಹಾಗೆ ಬಟ್ಟೆಯ ನೀಲಿ ಕದಡಿದ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿರಿ. ಕಿತ್ತಳೆ ಸಿಪ್ಪೆ, ಕಾಫಿ ಚರಟ, ಖರ್ಜೂರದ ಗರಿಯ ಮುಳ್ಳು ಎಲ್ಲ ಆಯಿತು. ಕಿವಿ ಹರಿದ ಆ ಬೂದು ಬೆಕ್ಕು ನೀಲಿ ಬಾಟಲಿಗೇ ಬೆನ್ನು ತಿಕ್ಕಿಕೊಂಡು ನಿಂತದ್ದನ್ನು ನೋಡಿ ನಾನು ನಕ್ಕು ನಕ್ಕು ಸುಸ್ತಾಗಿದ್ದೆ. ಕಲ್ಲು ಮಾತ್ರ ನೀವು ಎಸೆಯಲಿಲ್ಲ. "ಬೆಕ್ಕು ಸತ್ತರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡ್ಬೇಕು. ನಿನ್ನ ಗಂಡ ಕೊಡ್ತಾನಾ?" ಎನ್ನುತ್ತಿದ್ದಿರಿ.

ಗೋಡೆಯಾಚೆ ಮನೆ ಮಾಲೀಕನ ತಾಯಿ ಉಮ್ಮ್ ಖಾಲಿದ್. ಆಕೆ ಅನ್ನ, ಕೋಳಿ ಕಲಸಿ ಬೆಕ್ಕುಗಳಿಗೆ ಇಡುವವರು. ಆಕೆ ಗೋಡೆ ಮೇಲಿಂದ ಇಣುಕಿ "ಮಿಸ್ಕೀನ್, ಮಾಮಾ, ಮಿಸ್ಕೀನ್" ಎಂದು, ಪಾಪ ಅಮ್ಮಾ ಪಾಪ ಎಂದು, ಬೆಕ್ಕುಗಳ ಪರ ವಾದಿಸುವುದು, ನೀವು "ಎಂಚಿನ ಮಿಸ್ಕೀನ್, ಎಂತ ಪಾಪ? ತಿನ್ನೋದು ನಿಮ್ಮಲ್ಲಿ, ಹೇಲೋದು ನಮ್ಮಲ್ಲಿ!" ಎಂದು ತಿರುಗಿ ಹೇಳುವುದು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಜಗಳಕ್ಕೆ ಏನೂ ಕೊರತೆಯಿರಲಿಲ್ಲ. ಕೊನೆಗೆ ನಿಮಗೆ ಹೊಳೆದದ್ದು ಸ್ಟೀಲ್ ತಟ್ಟೆ. ದಿನಾ ಹನ್ನೊಂದು ಗಂಟೆಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತು, ಸೌಟಿನಿಂದ ತಟ್ಟೆ ಬಡಿದರೆ ಬೆಕ್ಕುಗಳು ಗೋಡೆ ಹಾರಿ ಓಡುತ್ತಿದ್ದವು.

ಫೆಬ್ರವರಿಯ ಆ ಬುಧವಾರ... ಇಲ್ಲಿಗೆ ಬರುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟೆ ಮಾಮಿ. ಬುಧವಾರ ನನಗೆ ಮನೆಯಿಂದಲೇ ಕೆಲಸ, ಹನ್ನೊಂದಕ್ಕೆ ಮೀಟಿಂಗು. ಹಿಂದಿನ ವಾರ ನಿಮ್ಮ ತಟ್ಟೆಯ ಸದ್ದು ಲ್ಯಾಪ್‌ಟಾಪಿನಲ್ಲಿ ಎಲ್ಲರಿಗೂ ಕೇಳಿಸಿ, ನಮ್ಮ ಮ್ಯಾನೇಜರು "ನಿಮ್ಮ ಮನೆಯಲ್ಲಿ ಮದುವೆಯೇ?" ಎಂದು ತಮಾಷೆ ಮಾಡಿದ್ದರು. ಆ ಅವಮಾನ ಇನ್ನೂ ಉರಿಯುತ್ತಿತ್ತು. ಅಂದು ಮತ್ತೆ ತಟ್ಟೆಯ ಸದ್ದು ಶುರುವಾಯಿತು. ನಾನು ಎದ್ದು, ನಿಮ್ಮ ಕಡೆ ನೋಡದೆ, ಗಾಜಿನ ಬಾಗಿಲನ್ನು ಎಳೆದು ಮುಚ್ಚಿದೆ. ಪರದೆಯನ್ನೂ ಎಳೆದೆ. ಸದ್ದು ಆಮೇಲೂ ಸಣ್ಣಗೆ ಕೇಳುತ್ತಲೇ ಇತ್ತು. ದಿನದ ಹಾಗೆ ಬಿರುಸಾಗಿರಲಿಲ್ಲ. ಬಿಟ್ಟು ಬಿಟ್ಟು ಬರುತ್ತಿತ್ತು. ಮುದುಕಿಗೆ ಹಟ ಎಂದುಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದೆ.

ಹನ್ನೆರಡಕ್ಕೆ ಊಟಕ್ಕೆ ಕರೆಯಲು ಬಂದಾಗ ನೀವು ಬಸಳೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಿರಿ. ಸೌಟು ಕೈಯಲ್ಲೇ ಇತ್ತು. ಆ ಕಿವಿಹರುಕಿ ಬೆಕ್ಕು ನಿಮ್ಮ ಕಾಲ ಹತ್ತಿರ ಕೂತಿತ್ತು, ಓಡಲಿಲ್ಲ. ಬೆಕ್ಕಿಗೆ ತಿಳಿದದ್ದು ಸೊಸೆಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಸುರೇಶರ ಹೆಗಲು ಮುಟ್ಟಿ, ಹೃದಯ ನಿಂತದ್ದು, ತಕ್ಷಣ ಆಗಿರಬೇಕು, ನೋವು ತಿಳಿದಿರಲಿಕ್ಕಿಲ್ಲ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗೆ ಅವರು ಆ ಮಾತನ್ನು ಹಿಡಿದುಕೊಂಡರು. ನಿಮ್ಮನ್ನು ಊರಿಗೆ ಕರೆದುಕೊಂಡು ಹೋದಾಗಲೂ ಬಂದವರಿಗೆಲ್ಲ ಅದನ್ನೇ ಹೇಳಿದರು, "ಅಮ್ಮನಿಗೆ ಗೊತ್ತೇ ಆಗ್ಲಿಲ್ಲ." ನನ್ನನ್ನು ಕೇಳಿದಾಗ ನಾನು ಏನೂ ಕೇಳಿಸಲಿಲ್ಲ ಎಂದುಬಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆರು ತಿಂಗಳು ಬದುಕಿದೆ. ತಟ್ಟೆಯನ್ನು ವಾಷಿಂಗ್ ಮೆಷಿನ್ನಿನ ಹಿಂದೆ ತುರುಕಿ ಇಟ್ಟಿದ್ದೆ.

ವಾಪಸು ಬಂದ ಮೇಲೆ ಒಂದು ವಿಚಿತ್ರ ನೋಡಿದೆ. ನಿಮ್ಮ ತೋಟಕ್ಕೆ ಒಂದು ಬೆಕ್ಕೂ ಇಳಿಯುತ್ತಿರಲಿಲ್ಲ. ನೀವು ಹರಕೆ ಹೊತ್ತರೂ ಆಗದ ಕೆಲಸ ತಾನಾಗಿ ಆಗಿತ್ತು. ಗೋಡೆಯ ಮೇಲೆ ಸಾಲಾಗಿ ಕೂರುತ್ತವೆ, ನಿಮ್ಮ ಸ್ಟೂಲನ್ನು ನೋಡುತ್ತವೆ. ಹನ್ನೊಂದಾಯಿತೋ, ಒಂದೇ ಸಲ ಎದ್ದು ಆಚೆ ಹಾರುತ್ತವೆ. ಬಡಿಯುವವರು ಯಾರು? ರಜೆಯ ದಿನ ಬಾಗಿಲ ಬಳಿ ನಿಂತು ಕಾದು ನೋಡಿದೆ, ಹಾಗೆಯೇ ಆಯಿತು. ಅಭ್ಯಾಸಬಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೊಂದು ದಿನ ಉಮ್ಮ್ ಖಾಲಿದ್ ಗೋಡೆಯ ಮೇಲಿಂದ ಇಣುಕಿ, ಬೆರಳಿನಿಂದ ಗೋಡೆ ತಟ್ಟಿ ತೋರಿಸಿ, "ಟಕ್ ಟಕ್... ಮಾಮಾ ಜದೀದ್?" ಎಂದು ಕೇಳಿದರು. ಹೊಸ ಅಮ್ಮ ಬಂದಿದ್ದಾರಾ ಎಂದು. "ಮಾಫಿ, ಯಾರೂ ಇಲ್ಲ" ಎಂದೆ. ವಯಸ್ಸಾದವರ ಕಿವಿ ಎಂದುಕೊಂಡು ಒಳಗೆ ಬಂದೆ. ಗಾಜಿನ ಬಾಗಿಲಿನ ಚಿಲಕ ಹಾಕಿದೆ.

ಊರಿನಲ್ಲಿ ಮಳೆ ಸುರಿಯುವ ಆಟಿ ತಿಂಗಳು ಬಂತು. ತೀರಿಕೊಂಡ ಹಿರಿಯರಿಗೆ ಬಡಿಸಬೇಕು, ಈ ವರ್ಷ ಅಮ್ಮನಿಗೂ ಬಡಿಸಬೇಕು ಎಂದರು ಸುರೇಶ. ಶುಕ್ರವಾರ ರಜೆ. ಅನ್ನ, ಬಸಳೆ ಹುಳಿ, ಕೋಳಿ ಸಾರು, ಹುರಿದ ಬಂಗುಡೆ. ಬಂಗುಡೆಯ ತಲೆಯೆಂದರೆ ನಿಮಗೆ ಪ್ರಾಣ, ಅದನ್ನು ತೆಗೆಯದೆ ಹುರಿದೆ. ಹೊರಗಿನ ಬಿಸಿಲಿಗೆ ಬಾಡಿ ಸತ್ತದ್ದು ಸತ್ತು, ನಿಮ್ಮ ಬಸಳೆಯಲ್ಲಿ ಉಳಿದದ್ದು ಹತ್ತೇ ಎಲೆ, ಹತ್ತನ್ನೂ ಹಾಕಿದೆ. ತೋಟದ ಕಡೆಯ ಕೋಣೆಯಲ್ಲೇ ಬಾಳೆಲೆ ಹಾಕಿದೆವು. ಸುರೇಶ ಮೀನಿನ ಮೇಲೆ ಮುಚ್ಚಲು ಎಲ್ಲಿಂದಲೋ ನಿಮ್ಮ ಅದೇ ತಟ್ಟೆಯನ್ನು ಹುಡುಕಿ ತಂದರು. "ಅಮ್ಮನ ತಟ್ಟೆ ಮೆಷಿನ್ ಹಿಂದೆ ಬಿದ್ದಿತ್ತು ನೋಡು." ಕೋಣೆಯಿಂದ ಹೊರಡುವ ಮೊದಲು ಅವರು ನೋಡದ ಹಾಗೆ ಗಾಜಿನ ಬಾಗಿಲನ್ನು ಒಂದು ಗೇಣು ಸರಿಸಿಟ್ಟೆ. ನೀವು ಎದುರು ಬಾಗಿಲಿನಿಂದ ಎಂದು ಬಂದವರು? ಬರುವುದಾದರೆ ತೋಟದಿಂದಲೇ ಬರುತ್ತೀರಿ ಎಂದು.

ಕೋಣೆಯ ಬಾಗಿಲು ಹಾಕಿ ಹೊರಗೆ ಕೂತೆವು. ಹಿರಿಯರು ಉಂಡು ಏಳುವ ತನಕ ತೆಗೆಯಬಾರದು, ಸದ್ದು ಮಾಡಬಾರದು. ನಿಮಗೆ ಗೊತ್ತಿಲ್ಲದ್ದೇ? ನನಗೆ ಕಲಿಸಿದ್ದೇ ನೀವು. ಸ್ವಲ್ಪ ಹೊತ್ತು ಎಸಿಯ ಗುಂಯ್ ಸದ್ದು ಮಾತ್ರ. ಆಮೇಲೆ ಒಳಗೆ ತಟ್ಟೆ ಸದ್ದಾಯಿತು. ಠಣ್. ಬಿಟ್ಟು ಮತ್ತೊಮ್ಮೆ ಠಣ್. ಸುರೇಶ ನನ್ನ ಕೈ ಹಿಡಿದುಕೊಂಡರು, ಕಣ್ಣು ತುಂಬಿತ್ತು. "ಬಂದ್ರು" ಎಂದರು ಪಿಸುದನಿಯಲ್ಲಿ. ನಾನು ಕೈ ಕೊಸರಿಕೊಂಡು ಎದ್ದು ಬಾಗಿಲು ತೆರೆದೇಬಿಟ್ಟೆ.

ಬೂದು ಬೆಕ್ಕು. ಬಾಯಲ್ಲಿ ಬಂಗುಡೆಯ ತಲೆ. ನೆಲದ ಮೇಲೆ ತಟ್ಟೆ ಇನ್ನೂ ಅಲುಗುತ್ತಿತ್ತು. ಅದು ನನ್ನನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಗಾಜಿನ ಬಾಗಿಲ ಸಂದಿಯಿಂದ ಹೊರಗೆ ನಡೆಯಿತು.

"ಎಂತ ಮಾಡಿದ್ದು ನೀನು? ಸ್ವಲ್ಪ ಹೊತ್ತು ಕಾಯ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದು ಸುರೇಶ ಕೂಗಿದರು.

"ಅವತ್ತು ಕಾದಿದ್ದೆ" ಎಂದೆ. "ಅವತ್ತೂ ತಟ್ಟೆ ಸದ್ದು ಕೇಳಿಸ್ತು. ಬೆಕ್ಕು ಓಡಿಸ್ತಿದ್ದಾರೆ ಅಂತ ಬಾಗಿಲು ಹಾಕಿದೆ. ಮಾಮಿ ನನ್ನನ್ನೇ ಕರೀತಿದ್ರು."

ಅವರು ಬಗ್ಗಿ ತಟ್ಟೆಯನ್ನು ಎತ್ತಿಕೊಂಡರು. ಕೇಳಿದ್ದು ಒಂದೇ ಮಾತು. "ಎಷ್ಟು ಹೊತ್ತು ಬಡಿದ್ರು?"

ಹೆಡ್‌ಫೋನ್ ಹಾಕಿದ ಮೇಲೆ ಎಷ್ಟು ಹೊತ್ತು ಎಂದು ನನಗೆ ಹೇಗೆ ಗೊತ್ತು? ಅದು ನಿಮಗೊಬ್ಬರಿಗೇ ಗೊತ್ತು.

ಐದು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಆರನೆಯ ದಿನ ಕೆಲಸಕ್ಕೆ ಹೊರಡುವ ಮೊದಲು ತಟ್ಟೆಯನ್ನು ತೊಳೆದು, ಸೌಟಿನ ಜೊತೆ ನಿಮ್ಮ ಸ್ಟೂಲಿನ ಮೇಲೆ ಇಟ್ಟು ಹೋದರು. ಗಾಜಿನ ಬಾಗಿಲು ಒಂದು ಗೇಣು ತೆರೆದೇ ಇತ್ತು. ಎಸಿ ಹಾಕಿ ಬಾಗಿಲು ತೆರೆದರೆ ರೇಗುವ ಮನುಷ್ಯ, ಅದನ್ನು ಮುಚ್ಚಲಿಲ್ಲ. ನನ್ನನ್ನು ಕ್ಷಮಿಸಿದರೋ ಇಲ್ಲವೋ ತಿಳಿಯದು, ಕೇಳುವ ಧೈರ್ಯವೂ ಇಲ್ಲ.

ನಿಮಗೆ ತಲುಪದ ಸುದ್ದಿ ಇನ್ನೊಂದಿದೆ. ಬೆಕ್ಕುಗಳು ಮತ್ತೆ ಬರುತ್ತಿವೆ. ಹನ್ನೊಂದು ದಾಟಿದರೂ ಕದಲುವುದಿಲ್ಲ. ಬಸಳೆಯ ಬುಡವನ್ನೆಲ್ಲ ಕೆರೆದು ಹಾಕಿವೆ, ತುಳಸಿಯ ಮಗ್ಗುಲಲ್ಲೇ ಮಲಗುತ್ತವೆ. ಹಾಗಾದರೆ ನೀವು ಹೋದಿರಾ? ನೀವು ಇಲ್ಲೇ ಇದ್ದೀರೆಂದು ಹೆದರಿದ್ದೆನಲ್ಲ, ಈಗ ಸದ್ದಿಲ್ಲದೆ ಇನ್ನೂ ಹೆದರಿಕೆಯಾಗುತ್ತದೆ. ನಾನು ಅವುಗಳನ್ನು ಓಡಿಸುವುದಿಲ್ಲ, ಅದು ನಿಮ್ಮ ಕೆಲಸ. ಹನ್ನೊಂದರ ಮೀಟಿಂಗಿನಲ್ಲಿ ಈಗ ಹೆಡ್‌ಫೋನ್ ಹಾಕುವುದಿಲ್ಲ. ತಟ್ಟೆ ಸ್ಟೂಲಿನ ಮೇಲಿದೆ, ಸೌಟೂ ಇದೆ. ಬಡಿಯಿರಿ ಮಾಮಿ. ಒಂದೇ ಸಲ ಬಡಿದರೆ ಸಾಕು, ನಾನು ಎದ್ದು ಬರುತ್ತೇನೆ.

ನಿಮ್ಮ ಸೊಸೆ,
ವನಿತಾ