ಗುಡ್ಡದ ಏರಿನಲ್ಲಿ ಹೀಟರ್

ಅಪ್ಪಾ,

ನೀನು ಜೀಪಿನ ಎಂಜಿನ್ ಕೂರಿಸಿದ ನಮ್ಮ ಹಳೆಯ ಕಾರು ಇವತ್ತು ಯಲ್ಲಮ್ಮನ ಗುಡ್ಡವನ್ನು ಎಲ್ಲೂ ನಿಲ್ಲದೆ ಹತ್ತಿತು. ನೀನು ಹೋದ ಮೇಲೆ ದೊಡ್ಡ ರೇಡಿಯೇಟರ್, ಕರೆಂಟಿನ ಫ್ಯಾನ್ ಹಾಕಿದವಳು ನಿನ್ನ ಮಗಳೇ. ತಿರುವಿಗೊಮ್ಮೆ ಬಾನೆಟ್ ಎತ್ತಿ ಕಾಯುವ ಕಾಲ ಮುಗಿಯಿತು. ಎಂಜಿನ್ನಿನ ಕಾವು ಹೊರಹೋಗಲೆಂದು ನೀನು ಸುಡುಬಿಸಿಲಲ್ಲೂ ಹೀಟರ್ ಹಚ್ಚುತ್ತಿದ್ದೆ, ಅವ್ವ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಇನ್ನು ಅದೂ ಬೇಕಿಲ್ಲ.

ಅರ್ಧ ಗುಡ್ಡ ಏರಿದಾಗ, ನೀರಿನ ಕಾವು ತೋರಿಸುವ ಮುಳ್ಳು ನಡುವೆಯೇ ನಿಂತಿರುವುದನ್ನು ಅವ್ವನಿಗೆ ಹೆಮ್ಮೆಯಿಂದ ತೋರಿಸಿದೆ.

"ಛಲೋ ಮಾಡೀದಿ ಬಿಡವಾ," ಎಂದಳು. ಮುಂದಿನ ತಿರುವು ದಾಟಿದ ಮೇಲೆ, "ಈಗ ಒಂಚೂರು ಹೀಟರ್ ಹಚ್ಚು," ಎಂದಳು.

ಹಚ್ಚಿದೆ. ಗುಡ್ಡದ ಮೇಲೆ ಮುಟ್ಟುವವರೆಗೂ ಇಬ್ಬರೂ ಬೆವರುತ್ತ ಕೂತಿದ್ದೆವು. ಯಾರೂ ಕಿಟಕಿ ಇಳಿಸಲಿಲ್ಲ.