ಇಂದ್ರಾಣಿಯ ಕುಣಿತ

ಐಗಳಿ, 1993

ಜಿನಮತಿ,

ನೀನು ತೀರಿಕೊಂಡ ಮೇಲೆ ಬಸದಿಯಲ್ಲಿ ಇದೇ ಮೊದಲ ದೊಡ್ಡ ಪೂಜೆ. ಈ ಸಲ ಪೂಜೆಗೆ ಇಂದ್ರ-ಇಂದ್ರಾಣಿಯ ವೇಷ ತೊಟ್ಟವರು ನಮ್ಮ ಮಗ ಸೊಸೆಯೇ. ಅದೇ ಹಳದಿ ಬಟ್ಟೆ, ಅದೇ ರಟ್ಟಿನ ಕಿರೀಟ. ವಾದ್ಯ ಶುರುವಾದದ್ದೇ ಸೊಸೆ ತ್ರಿಶಲಾ ಎರಡೂ ಕೈ ಎತ್ತಿ ಕುಣಿದಳು, ನಾವಿಬ್ಬರು ಆ ವೇಷ ತೊಟ್ಟ ವರ್ಷ ನೀನು ಕುಣಿದ ಹಾಗೆಯೇ. ಅಂದು ನಾನು ನಿನಗೆ, "ಸಾಕ್ ಮಾಡ, ಮಂದಿ ನೋಡಾಕತ್ತಾರ" ಎಂದಿದ್ದೆ. ಆಮೇಲೆ ಪ್ರತಿ ಪೂಜೆಯಲ್ಲೂ ನೀನು ಕುಳಿತೇ ಚಪ್ಪಾಳೆ ತಟ್ಟಿದೆ.

ತ್ರಿಶಲಾ ನನ್ನನ್ನು ಕಂಡವಳೇ ಕೈ ಇಳಿಸಿದಳು.

"ಕುಣಿಯವ್ವಾ, ಯಾಕ ನಿಂತಿ?" ಎಂದೆ.

"ಬ್ಯಾಡ್ರಿ ಮಾವಾರ. ನಿಮಗ ಸೇರೂದಿಲ್ಲಂತ ಅತ್ತಿಯಾರು ಹೇಳಿದ್ರು."

ವಾದ್ಯದವರು ಇನ್ನೂ ಬಾರಿಸುತ್ತಲೇ ಇದ್ದರು. ನಾನು ಕೈ ಸೋಲುವ ತನಕ ಚಪ್ಪಾಳೆ ತಟ್ಟಿದೆ. ಯಾರೂ ಕುಣಿಯಲಿಲ್ಲ.

ತವನಪ್ಪ