ಹೊಂಬಾಳಮ್ಮನ ಮುಯ್ಯಿ

ಹೊಳಲು
ಮಂಗಳವಾರ, ಜನವರಿ 6

ಪೂಜ್ಯ ಮಾವನವರಿಗೆ, ನಿಮ್ಮ ಸೊಸೆ ವೀಣ ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಳವಳ್ಳಿಯಲ್ಲಿ ವನಜಕ್ಕ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿದ್ದಾರೆ ಅಂದುಕೊಂಡಿದ್ದೇನೆ. ಮಗಳ ಮನೆಯ ಊಟ ಮೈಗೆ ಹಿಡಿದಿರಬೇಕು. ನೀವು ನನ್ನ ಫೋನು ಎತ್ತುತ್ತಿಲ್ಲ, ಮಗನದೂ ಎತ್ತುತ್ತಿಲ್ಲ. ಅದಕ್ಕೇ ಕುರಿ ನೋಡಲು ಮಳವಳ್ಳಿ ಮೇಲೆ ಬಂಡೂರಿಗೆ ಹೊರಟ ಕರಿಯಯ್ಯನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ.

ಪಕ್ಕದ ಮನೆ ಹೊಂಬಾಳಮ್ಮ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಅವರನ್ನು ಆಟೋಗೆ ಹತ್ತಿಸಿದವರೇ ನೀವು. ಆಪರೇಷನ್ ರೇಷನ್ ಕಾರ್ಡಿನಲ್ಲೇ ಪುಕ್ಕಟೆ ಆಗುತ್ತದಂತೆ, ಆದರೆ ಮೇಲಿನ ಔಷಧಿ, ಆಮೇಲೆ ಏಳುವತನಕ ನೋಡಿಕೊಳ್ಳುವವರ ಸಂಬಳ, ಮನೆ ಖರ್ಚು ಎಲ್ಲಿಂದ ಬರಬೇಕು? ನಮ್ಮ ಹೊಲದ ಅವರೆಕಾಯಿ, ಮನೆಯ ರಾಗಿ, ಸಂಘದ ಹೆಂಗಸರ ಕೈಯಡುಗೆ, ಶಾಮಿಯಾನವೂ ಬೇಡ, ನಮ್ಮ ಅಂಗಳವೇ ಸಾಕು ಎಂದು ಲೆಕ್ಕ ಹಾಕಿ, ಮಾರಿ ದುಡ್ಡು ಕೂಡಿಸಲು ಊಟದ ಕೂಪನ್ ಮಾಡಿಸಿದೆ. ಅದನ್ನು ನೋಡಿ ನೀವು ಅಂದಿದ್ದು ಇನ್ನೂ ಕಿವಿಯಲ್ಲಿದೆ: "ಇದು ಓಟ್ಲಲ್ಲ ಕಣಮ್ಮ. ಬಂದೋರ್ಗೆ ಅನ್ನ ಇಕ್ಕಿ ದುಡ್ಡಿಸ್ಕೊಳ್ಳೋ ಮನೇಲಿ ನಾನಿರಾಕಿಲ್ಲ." ಒಳ್ಳೆಯದು ಮಾಡಹೊರಟವಳಿಗೆ ಇದಾ ಮರ್ಯಾದೆ ಎಂದು ನನಗೂ ಉರಿದುಹೋಗಿತ್ತು. ಬಸ್‌ಸ್ಟ್ಯಾಂಡಿನವರೆಗೂ ಬಂದು ತಡೆಯಬಹುದಿತ್ತು, ಬರಲಿಲ್ಲ.

ನೀವು ಹೋದಮೇಲೆ ಕೂಪನ್ ಹಿಡಿದು ಮನೆಮನೆ ಅಲೆದೆ. ಕಾಫಿ ಕೊಟ್ಟರು, ಕೂಪನ್ ಯಾರೂ ಮುಟ್ಟಲಿಲ್ಲ. ಆಸ್ಪತ್ರೆಯಿಂದ ಹೊಂಬಾಳಮ್ಮನೇ ಹೇಳಿಕಳಿಸಿದರು: "ನನ್ನೆಸ್ರಲ್ಲಿ ತಿರುಪೆ ಎತ್ಬ್ಯಾಡ ಅನ್ನಿ ಆ ಹುಡ್ಗೀಗೆ." ಅವತ್ತು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ ಮಾವ.

ಅತ್ತೆ ಅವರೆಕಾಯಿ ಸುಲಿಯುತ್ತಾ, ನನ್ನ ಮುಖ ಕೂಡ ನೋಡದೆ, "ಊಟ ಮಾರ್ಬ್ಯಾಡ, ಊಟ ಇಕ್ಕು. ಮುಯ್ಯಿ ಮಾಡೋರು ಮಾಡ್ತಾರೆ" ಅಂದರು. ಮಂಡ್ಯ ಪೇಟೆಯಲ್ಲಿ ಬೆಳೆದ ನಮಗೆ ಮುಯ್ಯಿ ಅಂದರೆ ಕವರಿನಲ್ಲಿ ದುಡ್ಡು ಹಾಕಿ ಕೊಟ್ಟು ಮರೆತುಬಿಡುವುದು. ಇಲ್ಲಿ ಹಾಗಲ್ಲ, ಒಬ್ಬರ ಮನೆಯ ಕಾರ್ಯದಲ್ಲಿ ಉಂಡು ಕೊಟ್ಟಿದ್ದು ನಾಳೆ ನಮ್ಮ ಮನೆಯ ಕಾರ್ಯಕ್ಕೆ ತಿರುಗಿ ಬರಲೇಬೇಕು ಎಂದು ಅತ್ತೆಯೇ ಬಿಡಿಸಿ ಹೇಳಿದರು. ಹೊಂಬಾಳಮ್ಮ ಈ ಊರಿನ ಯಾವ ಮದುವೆ, ಯಾವ ನಾಮಕರಣ ಬಿಟ್ಟಿದ್ದಾರೆ? ಎಲ್ಲ ಕಡೆಯೂ ಮುಯ್ಯಿ ಮಾಡಿದ್ದಾರೆ. ಮಕ್ಕಳಿಲ್ಲದ ಅವರ ಮನೆಯಲ್ಲಿ ಮಾತ್ರ ಒಂದು ಕಾರ್ಯವೂ ಆಗಲಿಲ್ಲ, ಒಬ್ಬರೂ ತಿರುಗಿಸಲಿಲ್ಲ. ಊರು ಅವರಿಗೆ ದಾನ ಮಾಡಬೇಕಾಗಿಲ್ಲ. ಇಷ್ಟು ವರ್ಷ ಈ ಊರಲ್ಲಿದ್ದೂ ನನಗಿದು ಹೊಳೆದಿರಲಿಲ್ಲ.

ಗುರುವಾರ ಮಧ್ಯಾಹ್ನ ಹೊಂಬಾಳಮ್ಮನ ಹೆಸರಿನಲ್ಲೇ ನಮ್ಮ ಅಂಗಳದಲ್ಲಿ ಊಟ. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ. ಕೂಪನ್ ಇಲ್ಲ. ಮೊನ್ನೆ ಕಾಫಿ ಕೊಟ್ಟು ಸಾಗಹಾಕಿದವರೇ ಈಗ ಪಾತ್ರೆ ತಂದಿಟ್ಟು ಹೋಗುತ್ತಿದ್ದಾರೆ. ನಿಮ್ಮ ಮಗ ಸೌದೆ ಒಡೆಯುತ್ತಿದ್ದಾರೆ, ಅದನ್ನು ನೋಡಲಿಕ್ಕಾದರೂ ನೀವಿರಬೇಕಿತ್ತು.

ವನಜಕ್ಕನಿಗೆ ನನ್ನ ನೆನಪು ಹೇಳಿ. ಅತ್ತೆ ಏನೂ ಹೇಳಿಕಳಿಸಿಲ್ಲ, ಆದರೆ ದಿನಾ ಸಂಜೆ ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ವೀಣ

ಮರೆತಿದ್ದು: ಮರೆತಿರಲಿಲ್ಲ ಮಾವ, ಬರೆಯಲು ಬಿಗುಮಾನ. ಹೊಂಬಾಳಮ್ಮ ಆಪರೇಷನ್ ಕಾಗದಕ್ಕೆ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ. ಶುಕ್ರವಾರ ದಾಟಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನೆ ಹೋಗಿ ಮುಯ್ಯಿಯ ವಿಷಯ ಹೇಳಿದಾಗ ನಿಮ್ಮ ಹೆಸರೇ ಹಿಡಿದು, "ಚಲುವಣ್ಣ ಪಂಕ್ತೀಲಿ ನಿಂತು ಬಡಿಸುದ್ರೆ ಅದು ನಮ್ಮನೆ ಕಾರ್ಯ ಕಣಮ್ಮ. ಅಣ್ಣ ಇಲ್ದಿದ್ರೆ ತಿರುಪೇನೇ" ಅಂದರು. ಕರಿಯಯ್ಯ ನಾಳೆ ಬೆಳಗಿನ ಬಸ್ಸಿಗೆ ವಾಪಸು ಹೊರಡುತ್ತಾನೆ. ಅವನ ಜೊತೆಗೇ ಬಂದುಬಿಡಿ.